ಕ್ಯಾರಿಯರ್‌ನ ನಡುವಿನ ಡಬ್ಬಿ

ಸ್ವಲ್ಪ ತಾಳಿ. ಎಲ್ಲಿಗೂ ಹೋಗಬೇಡಿ. ಒಲೆಯ ಮೇಲೆ ಹಾಲಿಟ್ಟಿದ್ದರೆ ಆರಿಸಿ ಬನ್ನಿ, ನಾನು ಇಲ್ಲೇ ಇರುತ್ತೇನೆ. ಜನರನ್ನು ಕಾಯಿಸಿ ನನಗೆ ಅಭ್ಯಾಸವಿದೆ, ಒಂದು ಸಲ ನಾನೇ ಕಾದರೆ ಏನೂ ಆಗುವುದಿಲ್ಲ. ಯಾಕೆಂದರೆ ಈಗ ಹೇಳಹೊರಟಿರುವುದು ಒಂದು ಸ್ಟೀಲ್ ಡಬ್ಬಿಯ ವಿಷಯ. ಅದನ್ನು ನಮ್ಮ ಮನೆಯಿಂದ ಕೆಳಗಿನ ಮನೆಗೆ ತಲುಪಿಸಬೇಕಿತ್ತು. ನಡುವೆ ಇರುವುದು ಹದಿನೆಂಟು ಮೆಟ್ಟಿಲು. ನನಗೆ ಹಿಡಿದದ್ದು ಹೆಚ್ಚುಕಡಿಮೆ ಒಂದು ವರ್ಷ.

ನಗಬೇಡಿ. ಅಥವಾ ನಗಿ. ಎಲ್ಲರೂ ನಕ್ಕಿದ್ದಾರೆ, ನಿಮಗೊಬ್ಬರಿಗೆ ಯಾಕೆ ಬೇಡ ಅನ್ನಲಿ?

ನಾನಿರುವುದು ಅರೆಕೆರೆಯಲ್ಲಿ, ಬನ್ನೇರುಘಟ್ಟ ರಸ್ತೆಯಿಂದ ಒಳಗೆ, ಒಂದು ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ, ಒಬ್ಬಳೇ. ಕೆಳಗೆ ಮನೆ ಓನರ್ ರತ್ನಮ್ಮ ಆಂಟಿ. ಅರೆಕೆರೆ ಇನ್ನೂ ಹಳ್ಳಿಯಾಗಿದ್ದ ಕಾಲದ ಮನೆತನ ಅವರದು. ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ನಿಂತಿದೆ. ಟೆರೇಸಿನಿಂದ ಅದರ ಈಜುಕೊಳ ತೋರಿಸಿ, "ಅಲ್ಲೇ ನೋಡು ಮಗಾ ನಮ್ ಕಣ ಇತ್ತು, ಈಗ ಎಲ್ರೂ ಚಡ್ಡೀಲಿ ಬಿದ್ಕೊಂಡವ್ರೆ" ಎನ್ನುತ್ತಾರೆ. ಇದನ್ನು ಹೇಳುವಾಗ ಅವರಿಗೆ ದುಃಖವಿಲ್ಲ, ಬರೀ ಕುತೂಹಲ.

ಹೋದ ವರ್ಷದ ಅವರೆಕಾಯಿ ಕಾಲ. ನಾನು ಆಫೀಸಿನಿಂದ ಬಂದು ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನುತ್ತಿದ್ದುದನ್ನು ಟೆರೇಸಿಗೆ ಹೋಗುತ್ತಾ ಕಿಟಕಿಯಿಂದ ನೋಡಿಬಿಟ್ಟ ಆಂಟಿ, ಹತ್ತು ನಿಮಿಷದಲ್ಲಿ ಒಂದು ಡಬ್ಬಿ ಹಿತಕಿದ ಅವರೆಬೇಳೆ ಸಾರು ತಂದರು.

"ತಗೋ ಮಗಾ, ಬಿಸಿ ಇದ್ದಂಗೇ ತಿನ್ನು. ನಮ್ಮವ್ವನ್ ಕ್ಯಾರಿಯರ್ ಡಬ್ಬಿ ಇದು, ನಡುವಿಂದು. ಬೇರೆ ಯಾವ್ದೂ ಕೈಗ್ ಸಿಗ್ಲಿಲ್ಲ. ನಿಧಾನಕ್ ಕೊಡು, ಅವಸರ ಏನಿಲ್ಲ."

ಅವಸರ ಏನಿಲ್ಲ! ನನ್ನಂಥವರಿಗೆ ಹೇಳಬಾರದ ಮಾತು ಅಂತ ಲೋಕದಲ್ಲಿ ಒಂದಿದ್ದರೆ ಅದು ಇದೇ. ಅವಸರವಿಲ್ಲದ ಕೆಲಸ ನನ್ನ ತಲೆಯಲ್ಲಿ ಕೆಲಸವೇ ಅಲ್ಲ. ಅದು ಗೋಡೆಯ ಮೇಲಿನ ಹಳೇ ಕ್ಯಾಲೆಂಡರಿನ ದೇವರ ಪಟದ ಹಾಗೆ. ಇರುತ್ತದೆ, ಪೂಜ್ಯವೂ ಹೌದು, ಆದರೆ ಯಾರೂ ಏನೂ ಮಾಡುವುದಿಲ್ಲ.

ಆ ಡಬ್ಬಿಯನ್ನು ನೀವು ನೋಡಬೇಕು. ದಪ್ಪ ಸ್ಟೀಲು. ಎರಡೂ ಪಕ್ಕದಲ್ಲಿ ಕ್ಯಾರಿಯರ್‌ನ ಕಂಬಿ ತೂರಲು ಎರಡು ಕಿವಿ. ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು: ಪುಟ್ಟಲಿಂಗಮ್ಮ. ಆಂಟಿಯ ತಾಯಿ. ಈಗಿಲ್ಲ. ಆ ಕ್ಯಾರಿಯರ್‌ನಲ್ಲಿ ಅವರು ಹೊಲಕ್ಕೆ ಬುತ್ತಿ ಹೊರುತ್ತಿದ್ದರಂತೆ. ಅಂದರೆ ಆ ಡಬ್ಬಿ ಈಜುಕೊಳದ ಜಾಗಕ್ಕೆ ದಿನಾ ಹೋಗಿ ಬರುತ್ತಿತ್ತು. ನಮ್ಮ ಮನೆಗೆ ಬಂದು ಅದಕ್ಕೆ ನಡೆಯುವುದೇ ಮರೆತುಹೋಯಿತು.

ಹಾಗಾದರೆ ತೊಳೆದು ಕೊಟ್ಟುಬಿಡುವುದಕ್ಕೆ ಏನು ರೋಗ ಎಂದು ಕೇಳುತ್ತೀರಿ. ರೋಗದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಶಾಸ್ತ್ರ. ಯಾರ ಮನೆಯಿಂದಲಾದರೂ ಪಾತ್ರೆಯಲ್ಲಿ ಏನಾದರೂ ಬಂದರೆ ಆ ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದು. ಇದು ನಮ್ಮಮ್ಮನ ಕಾನೂನು. ನಿಮ್ಮಮ್ಮನದೂ ಇರಬಹುದು. ನಾನು ಹುಟ್ಟಿ ಬೆಳೆದದ್ದು ಹನುಮಂತನಗರದ ಒಂದು ವಠಾರದಲ್ಲಿ. ಅಲ್ಲಿ ಆರು ಮನೆಗಳ ಡಬ್ಬಿಗಳು ನಾಯಿಗಳ ಹಾಗೆ ಸ್ವಂತ ದಾರಿ ಹಿಡಿದು ಓಡಾಡಿಕೊಂಡಿರುತ್ತಿದ್ದವು. ಕೋಸಂಬರಿ ಹೋಗಿ ಚಕ್ಕುಲಿಯಾಗಿ ಬರುತ್ತಿತ್ತು, ಚಕ್ಕುಲಿ ಹೋಗಿ ನಿಂಬೆಹಣ್ಣಾಗಿ ಬರುತ್ತಿತ್ತು. ಮನೆಯಲ್ಲಿ ಏನೂ ಇಲ್ಲದ ದಿನ ಅಮ್ಮ ತೊಳೆದ ಡಬ್ಬಿಗೆ ಒಂದು ಚಮಚ ಸಕ್ಕರೆ ಹಾಕಿ, "ಹೋಗು, ಮೂಲೆ ಮನೆಗ್ ಕೊಟ್ಟು ಬಾ, ದಾರೀಲಿ ನಿಲ್ಬೇಡ" ಎಂದು ನನ್ನನ್ನು ಕಳಿಸುತ್ತಿದ್ದಳು.

ದಾರಿ ಎಂದರೆ ನಲವತ್ತು ಹೆಜ್ಜೆ. ಅಷ್ಟರಲ್ಲಿ ಏನೇನು ನೋಡುವುದಿತ್ತು! ಇರುವೆಗಳ ಸಾಲು. ಗುಡ್ಡದ ದೇವಸ್ಥಾನದ ಕಡೆ ಹೊರಟ ಮದುವೆ ದಿಬ್ಬಣ. ಯಾರದೋ ಮನೆಯ ರೇಡಿಯೋ. ಒಂದು ಸಲ ಇರುವೆ ಸಾಲಿನ ಪಕ್ಕ ಕೂತು, ಪಾಪ ಇವಕ್ಕೂ ಇರಲಿ ಎಂದು ಡಬ್ಬಿ ತೆರೆದು ಎರಡು ಹರಳು ಸಕ್ಕರೆ ಹಾಕಿದೆ. ಇರುವೆಗೆ ಎರಡು, ನನಗೆ ನಾಲ್ಕು. ಅರ್ಧ ಗಂಟೆಯ ಮೇಲೆ ಮೂಲೆ ಮನೆ ಅಜ್ಜಿಯ ಕೈಗೆ ತಲುಪಿದ್ದು ನೆಕ್ಕಿ ಫಳಫಳ ಹೊಳೆಯುತ್ತಿದ್ದ ಬರೀ ಡಬ್ಬಿ. ಸಂಜೆ ಅಜ್ಜಿ ನಮ್ಮನೆ ಬಾಗಿಲಿಗೆ ಬಂದು, "ಯಾಕಮ್ಮ, ನಮ್ ಮೇಲ್ ಏನಾದ್ರೂ ಬೇಜಾರಾ?" ಎಂದು ಕೇಳಿದರು. ಅಮ್ಮ ಅವತ್ತು ನನಗೆ ಹೊಡೆಯಲಿಲ್ಲ. ಅದಕ್ಕಿಂತ ಘೋರವಾದದ್ದು ಮಾಡಿದಳು: ಎರಡು ದಿನ ನನ್ನ ಹತ್ತಿರ ಡಬ್ಬಿ ಕಳಿಸದೆ ತಾನೇ ಹೋಗಿ ಕೊಟ್ಟು ಬಂದಳು. ಬರೀ ಡಬ್ಬಿ ಅಂದರೆ ಜಗಳ ಎಂಬುದು ಅವತ್ತೇ ನನ್ನ ಎಲುಬಿಗೆ ಇಳಿಯಿತು.

ಹೀಗೆ ಒಂದು ಕಡೆ ಅವಸರವಿಲ್ಲ, ಇನ್ನೊಂದು ಕಡೆ ಬರಿದು ಕೊಡುವಂತಿಲ್ಲ. ಸಾರು ತಿಂದ ರಾತ್ರಿಯೇ ಡಬ್ಬಿ ತೊಳೆದಿಟ್ಟೆ. ನಾಳೆ ಒಂದು ಚಮಚ ಸಕ್ಕರೆ ಹಾಕಿ ಕೊಟ್ಟರಾಯಿತು. ನಾಳೆ ಹೋಗಿ ವಾರವಾಯಿತು. ವಾರದ ಮೇಲೆ ಸಕ್ಕರೆ ಕೊಟ್ಟರೆ ಏನೆಂದುಕೊಳ್ಳುತ್ತಾರೆ? ಕನಿಷ್ಠ ಕೋಡುಬಳೆ ಬೇಕು. ತಿಂಗಳಾಯಿತು. ತಿಂಗಳ ಮೇಲೆ ಕೋಡುಬಳೆಯೇ? ಮೈಸೂರು ಪಾಕಾದರೂ ಬೇಡವೇ? ಮೂರು ತಿಂಗಳಿಗೆ ಅಂಗಡಿಯ ಮೈಸೂರು ಪಾಕು ಸಾಲದು, ಕೈಯಾರೆ ಮಾಡಿದ್ದೇ ಆಗಬೇಕು ಎಂಬ ಮಟ್ಟಕ್ಕೆ ಹೋಯಿತು. ತಡವಾದಷ್ಟೂ ಡಬ್ಬಿ ದೊಡ್ಡದಾಗುತ್ತಾ ಹೋಯಿತು. ಇನ್ನೂ ಎರಡು ವರ್ಷ ಬಿಟ್ಟಿದ್ದರೆ ಅದರೊಳಗೆ ಒಂದು ಹಸು ನಿಲ್ಲಿಸಿ ಕೊಡಬೇಕಾಗುತ್ತಿತ್ತೇನೋ.

ಅಷ್ಟರಲ್ಲಿ ಡಬ್ಬಿ ಮನೆಯೆಲ್ಲ ಸಂಚಾರ ಮಾಡಿತು. ಕಣ್ಣಿಗೆ ಬೀಳಲಿ ಎಂದು ಫ್ರಿಜ್ಜಿನ ಮೇಲಿಟ್ಟೆ. ನಾಲ್ಕು ದಿನದಲ್ಲಿ ಅದು ಫ್ರಿಜ್ಜಿನ ಭಾಗವಾಯಿತು. ಕಾಲಿಗೆ ಎಡವಲಿ ಎಂದು ಬಾಗಿಲ ಮುಂದಿಟ್ಟೆ. ಒಂದು ವಾರ ಎಡವಿದೆ. ಆಮೇಲೆ ಹೊಸಿಲು ದಾಟುವ ಹಾಗೆ ಸಲೀಸಾಗಿ ದಾಟತೊಡಗಿದೆ. ಅದರ ಮೇಲೆ ಅಂಟಿಸಿದ ಹಳದಿ ಚೀಟಿಯಲ್ಲಿ "ಇವತ್ತೇ!!" ಎಂದು ಬರೆದಿದ್ದೆ. ಚೀಟಿ ಯಾವ "ಇವತ್ತಿ"ನದು ಎಂದು ಅದರಲ್ಲಿ ಇರಲಿಲ್ಲ. ಹಿಂದೆ ಊರುಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿಡುತ್ತಿದ್ದರಂತೆ, ದೆವ್ವ ಬಂದು ಓದಿಕೊಂಡು ವಾಪಸು ಹೋಗುತ್ತಿತ್ತಂತೆ, ಮಾರನೇ ದಿನ ಮತ್ತೆ ಬಂದು ಮತ್ತೆ ಓದಿ ಮತ್ತೆ ಹೋಗುತ್ತಿತ್ತಂತೆ. ನನಗೆ ಆ ದೆವ್ವದ ಮೇಲೆ ಅಪಾರ ಕರುಣೆ. ಅದಕ್ಕೂ ಎಡಿಎಚ್‌ಡಿ ಇದ್ದಿರಬೇಕು.

ಹಾಂ, ರೋಗದ ವಿಷಯ. ಎರಡು ವರ್ಷದ ಹಿಂದೆ ಜಯನಗರದ ಒಬ್ಬ ಡಾಕ್ಟರಮ್ಮ ನನಗೆ ಎಡಿಎಚ್‌ಡಿ ಇದೆ ಎಂದರು. ಗಮನ ನಿಲ್ಲುವುದಿಲ್ಲ, ನಿಂತರೆ ಕದಲುವುದಿಲ್ಲ. ಕೆಲಸ ಗೊತ್ತು, ಮನಸ್ಸೂ ಇದೆ, ಶುರು ಮಾಡುವ ಸ್ವಿಚ್ಚು ಮಾತ್ರ ಕೈಗೆ ಸಿಗುವುದಿಲ್ಲ. ಹುಟ್ಟಿನಿಂದಲೇ ಇತ್ತು, "ಜಾಣೆ, ಆದರೆ ಗಮನ ಸಾಲದು" ಎಂದು ಎಲ್ಲ ತರಗತಿಯ ಅಂಕಪಟ್ಟಿಯಲ್ಲೂ ಟೀಚರುಗಳು ರೋಗನಿರ್ಣಯ ಮಾಡಿಯೇ ಇದ್ದರು, ಯಾರೂ ಓದಿರಲಿಲ್ಲ ಅಷ್ಟೆ. ಡಾಕ್ಟರಮ್ಮ ಮೊದಲೇ ತುಂಬಿ ತನ್ನಿ ಎಂದು ಒಂದು ಫಾರಂ ಕೊಟ್ಟಿದ್ದರು. "ಫಾರಂ ತುಂಬುವಂಥ ಕೆಲಸಗಳನ್ನು ಮುಂದೂಡುತ್ತೀರಾ?" ಎಂಬ ಪ್ರಶ್ನೆ ಅದರಲ್ಲಿತ್ತು. ನಾನು ಅದನ್ನು ಅವರ ಬಾಗಿಲ ಮುಂದಿನ ಕುರ್ಚಿಯಲ್ಲಿ, ಪಕ್ಕದವರ ಪೆನ್ನಿನಲ್ಲಿ ತುಂಬಿದೆ. ಒಳಗೆ ಹೋದ ಮೇಲೆ ಅವರು ಫಾರಂ ಓದುವ ಮುಂಚೆಯೇ ಒದ್ದೆ ಶಾಯಿ ನೋಡಿ ನಕ್ಕರು.

ಮಾತ್ರೆ ಕೊಟ್ಟರು. ಮಾತ್ರೆ ನನ್ನ ಮಟ್ಟಿಗೆ ಕನ್ನಡಕದ ಹಾಗೆ. ಹಾಕಿಕೊಂಡರೆ ಪುಟ ಕಾಣುತ್ತದೆ, ಓದಬೇಕಾದವಳು ನಾನೇ. ನೆಂಟರಿಗೆ ಅಷ್ಟೂ ಸಮಾಧಾನವಿಲ್ಲ. "ಅದಕ್ಕೆ ಕನ್ನಡದಲ್ಲಿ ಸೋಮಾರಿತನ ಅಂತಾರೆ" ಎಂದು ಒಬ್ಬರು ನಿಘಂಟು ತೆರೆದರು. "ನಂಗೂ ಹಂಗೇ ಆಗುತ್ತಮ್ಮ, ಎಲ್ರಿಗೂ ಆಗುತ್ತೆ" ಎಂದು ಇನ್ನೊಬ್ಬರು ನನ್ನ ರೋಗವನ್ನು ಪ್ರಸಾದದ ಹಾಗೆ ಎಲ್ಲರಿಗೂ ಹಂಚಿದರು. ಹಂಚಿಕೊಂಡವರೆಲ್ಲ ಮನೆಗೆ ಹೋಗಿ ಟೈಮಿಗೆ ಸರಿಯಾಗಿ ಊಟ ಮಾಡಿ ಮಲಗಿದರು.

ಆದರೆ ನೆಂಟರನ್ನು ಬೈಯುವ ಹಕ್ಕು ನನಗಿಲ್ಲ, ಯಾಕೆಂದರೆ ನಾನು ಅವರಿಗಿಂತ ದೊಡ್ಡ ಬೂಟಾಟಿಕೆಯವಳು. ರೋಗ ಗೊತ್ತಾದ ಹೊಸದರಲ್ಲಿ ನನಗೆ ಎಲ್ಲಿಲ್ಲದ ಹುರುಪು. ಸಿಕ್ಕ ವಿಡಿಯೋ ನೋಡಿದೆ, ಸಿಕ್ಕಿದ್ದೆಲ್ಲ ಓದಿದೆ. ಡೈರಿ ಕೊಂಡೆ, ಡೈರಿಗೆ ಬಣ್ಣದ ಪೆನ್ನು ಕೊಂಡೆ, ಬಣ್ಣದ ಪೆನ್ನಿಗೆ ಚೀಲ ಹೊಲಿಯಲು ಹೊಲಿಗೆ ಕಲಿಯತೊಡಗಿದೆ. ಟೊಮೆಟೊ ಆಕಾರದ ಗಡಿಯಾರ ತಂದೆ. ಅದು ಇಪ್ಪತ್ತೈದು ನಿಮಿಷಕ್ಕೊಮ್ಮೆ ಕಿರುಚುತ್ತದೆ, ನಾನು ಪ್ರತಿ ಸಲ ಬೆಚ್ಚಿ ಅದನ್ನು ಬೈಯುತ್ತೇನೆ, ಬೈದು ಮುಗಿಯುವುದರಲ್ಲಿ ಇನ್ನೊಂದು ಇಪ್ಪತ್ತೈದು ನಿಮಿಷ ಆಗಿರುತ್ತದೆ. ನನ್ನ ಉದ್ಯೋಗ ಕೇಳಿದರಂತೂ ನೀವು ಕುರ್ಚಿಯಿಂದ ಬೀಳುತ್ತೀರಿ. ಒಂದು ಕಂಪನಿಯ ಆ್ಯಪ್‌ಗೆ ಕನ್ನಡದಲ್ಲಿ ಜ್ಞಾಪನೆಗಳನ್ನು ಬರೆಯುವುದು. "ಏನೋ ಮರೆತಿರಾ?" "ಇನ್ನೂ ಸಮಯವಿದೆ, ಈಗಲೇ ಮುಗಿಸಿ!" ಇವೆಲ್ಲ ನನ್ನ ಕೃತಿಗಳು. ಒಂದು ಮಧ್ಯಾಹ್ನ ನನ್ನದೇ ಫೋನಿಗೆ ನನ್ನದೇ ಜ್ಞಾಪನೆ ಬಂತು. ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದು ಮೆಚ್ಚಿ ಪಕ್ಕಕ್ಕೆ ಸರಿಸಿದೆ.

ಇಷ್ಟಕ್ಕೇ ನಿಲ್ಲಲಿಲ್ಲ. ಫೋನಿನಲ್ಲಿ ಒಂದು ಪೇಜ್ ಶುರು ಮಾಡಿ ಲೋಕಕ್ಕೆ ಬುದ್ಧಿ ಹೇಳತೊಡಗಿದೆ. "ಮುಂದೂಡುವುದನ್ನು ಗೆಲ್ಲಲು ಐದು ಸೂತ್ರಗಳು" ಎಂಬ ನನ್ನ ವಿಡಿಯೋ ಒಂದಿದೆ. ಹಿಂದುಗಡೆ ಗಿಡ, ಪುಸ್ತಕ, ಮೆದು ಬೆಳಕು. ಮೂರನೇ ಸೂತ್ರ, "ಎರಡು ನಿಮಿಷದ ಕೆಲಸವನ್ನು ಆಗಲೇ ಮಾಡಿಬಿಡಿ." ನಾನು ಗಂಭೀರವಾಗಿ ಎರಡು ಬೆರಳೆತ್ತಿ ತೋರಿಸುತ್ತಿದ್ದೇನೆ. ನನ್ನ ಬೆರಳಿಗೂ ಗಿಡಕ್ಕೂ ನಡುವೆ, ಫ್ರಿಜ್ಜಿನ ಮೇಲೆ, ಸ್ಪಷ್ಟವಾಗಿ, ಪುಟ್ಟಲಿಂಗಮ್ಮ.

ಅದಕ್ಕೆ ಬಂದ ಮೊದಲ ಕಾಮೆಂಟು ರತ್ನಮ್ಮ ಆಂಟಿಯ ಮಗಳು ಸವಿತಾಳದು. ನನ್ನದೇ ವಯಸ್ಸು, ಮದುವೆಯಾಗಿ ಕೆಂಗೇರಿಯಲ್ಲಿದ್ದಾಳೆ. "ಸೂಪರ್ ಅನು. ಹಿಂದ್ಗಡೆ ಇರೋದು ನಮ್ಮಜ್ಜಿ ಡಬ್ಬಿ ಅಲ್ವಾ?"

ನಾನು ಆಗ ಏನು ಮಾಡಿದೆ ಗೊತ್ತೇ? ಡಬ್ಬಿ ತೆಗೆದುಕೊಂಡು ಕೆಳಗೆ ಇಳಿದೆನೇ? ಇಲ್ಲ. ಕಾಮೆಂಟು ಅಳಿಸಿದೆ. ಅಳಿಸಿ, "ನಾಚಿಕೆ ನಮ್ಮನ್ನು ಹೇಗೆ ಕಟ್ಟಿಹಾಕುತ್ತದೆ" ಎಂದು ಇನ್ನೊಂದು ವಿಡಿಯೋ ಮಾಡಿದೆ. ಅದನ್ನು ಜನ ತುಂಬಾ ಮೆಚ್ಚಿದರು.

ಇನ್ನು ಆಂಟಿ. ಅವರ ಕಡೆಗೂ ಒಂದು ಶಾಸ್ತ್ರವಿದೆ: ಕೊಟ್ಟ ಪಾತ್ರೆಯನ್ನು ಬಾಯಿಬಿಟ್ಟು ಕೇಳಬಾರದು. ಕೇಳಿದರೆ ಸಣ್ಣತನ. ಹೀಗಾಗಿ ವರ್ಷವಿಡೀ ಅವರು ಸುತ್ತಿ ಬಳಸಿ ಮಾತಾಡಿದರು. ಗೇಟಿನ ಹತ್ತಿರ ಸಿಕ್ಕಾಗ, "ಆಫೀಸ್ಗೆ ಊಟ ತಗೊಂಡೋಗ್ತೀಯಾ ಮಗಾ? ಡಬ್ಬಿಗಿಬ್ಬಿ ಇದ್ಯಾ?" ಎನ್ನುವರು. ನಾನು ಎದೆ ತುಂಬಿ, "ಅಯ್ಯೋ, ಬೇಡ ಆಂಟಿ, ನೀವ್ಯಾಕ್ ತೊಂದ್ರೆ ತಗೋತೀರಾ!" ಎನ್ನುತ್ತಿದ್ದೆ. ಪಾಪ ಅವರು ಕೊಡಲು ಬಂದಿರಲಿಲ್ಲ, ವಸೂಲಿಗೆ ಬಂದಿದ್ದರು. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದಾದರೆ ನಾನು ಫ್ಯಾನ್ ಆರಿಸಿ ಮನೆಯಲ್ಲಿಲ್ಲದವಳಂತೆ ಕೂತದ್ದೂ ಉಂಟು. ಒಂದು ಚಮಚ ಸಕ್ಕರೆಯ ಕೆಲಸಕ್ಕೆ ಬೆವರುತ್ತಾ ಕತ್ತಲೆಯಲ್ಲಿ ಕೂತ ಇಪ್ಪತ್ತೆಂಟು ವರ್ಷದ ಹೆಂಗಸು! ಐದು ಸೂತ್ರಗಳ ಒಡತಿ!

ಸವಿತಾಳಿಗೆ ಏಳು ತಿಂಗಳು ತುಂಬಿ ಸೀಮಂತವಾಯಿತು. ಕೆಳಗೆ ಶಾಮಿಯಾನ, ಹಸಿರು ಬಳೆ, ಐದು ಬಗೆ ಅನ್ನ. ಆಂಟಿ ನನ್ನ ಪಕ್ಕ ಬಂದು ಕೂತರು. ಯಾರಿಗೋ ಹೇಳುವ ಹಾಗೆ ಹೇಳಿದರು: "ಇವ್ಳು ಹುಟ್ಟಿದಾಗ ನಮ್ಮವ್ವ ಆಸ್ಪತ್ರೆಗೆ ಆ ಕ್ಯಾರಿಯರ್ನಾಗೇ ಊಟ ತಂದಿದ್ಳು. ಮೇಲ್ಗಡೆ ಅನ್ನ, ನಡುವೆ ಮೆಣ್ಸಿನ್ ಸಾರು, ಕೆಳ್ಗಡೆ ಸಬ್ಬಕ್ಕಿ ಸೊಪ್ಪಿನ್ ಪಲ್ಯ. ನಡ್ಕೊಂಡೇ ಬಂದಿದ್ಳು. ಇವ್ಳ್ ಹೆರಿಗೆಗೂ ನಾನು ಅದ್ರಲ್ಲೇ ಒಯ್ಬೇಕು ಅಂತ ಒಂದಾಸೆ." ಆಮೇಲೆ ನನ್ನ ಮುಖ ನೋಡಲಿಲ್ಲ. ಎಲೆಯಲ್ಲಿದ್ದ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿ ಎದ್ದು ಹೋದರು.

ಎರಡು ತಿಂಗಳಿದೆ. ಈಗ ಅವಸರವೂ ಬಂತಲ್ಲ, ಇನ್ನು ನನ್ನ ಮೆದುಳಿಗೆ ನೆಪವಿಲ್ಲ ಎಂದುಕೊಂಡೆ. ಆಫೀಸಿನ ಗೆಳತಿ ಶೈಲಾಳಿಗೆ ಹೇಳಿದೆ. ಗದಗದ ಹುಡುಗಿ, ಬಿಟಿಎಂನಲ್ಲಿ ರೂಮು ಮಾಡಿದ್ದಾಳೆ. ಕಥೆಯೆಲ್ಲ ಕೇಳಿ ಅವಳು ಹಣೆ ಹಣೆ ಬಡಿದುಕೊಂಡಳು.

"ಏ ಹುಚ್ಚಿ, ಒಂದ್ ಡಬ್ಬಿ ಕೊಡೂದಕ್ಕ ಇಷ್ಟ್ ದೊಡ್ಡ ಪುರಾಣ ಹಚ್ಚೀಯಲ್ಲ! ಒಳಗ ಎರಡ್ ಬಾಳಿಹಣ್ಣ್ ಇಟ್ಟ್ ಕೊಟ್ ಬಾ."

"ಬಾಳೆಹಣ್ಣು ಹಿಡಿಸಲ್ಲ ಕಣೆ ಅದ್ರಲ್ಲಿ."

"ಹಿಡಿಸಲಿಲ್ಲಂದ್ರ ಮುರದ್ ಇಡು!"

ಆದರೆ ನನಗೆ ಮೈಸೂರು ಪಾಕೇ ಆಗಬೇಕಿತ್ತು, ಅದೂ ಕೈಯಾರೆ. ತುಪ್ಪ, ಕಡಲೆಹಿಟ್ಟು, ಸಕ್ಕರೆ ತರಲು ಇಬ್ಬರೂ ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆವು. ಮೂರು ಗಂಟೆಯ ಮೇಲೆ ಹಿಂದಿರುಗುವಾಗ ನನ್ನ ಚೀಲದಲ್ಲಿ ಇದ್ದದ್ದು: ಕಸೂತಿ ಹಾಕುವ ಬಿದಿರಿನ ಬಳೆ, ಎರಡು ಮಲ್ಲಿಗೆ ಗಿಡ, ಒಂದು ಕೊಳಲು. ಶೈಲಾ ಮಾತ್ರ ಕಡಲೆಹಿಟ್ಟು ತಂದಿದ್ದಳು, ಅದೂ ಅವಳ ಮನೆಗೆ. ಅದನ್ನೇ ಕಿತ್ತುಕೊಂಡು, ಮೂಲೆ ಅಂಗಡಿಯಲ್ಲಿ ತುಪ್ಪ ಸಕ್ಕರೆ ಕೊಂಡು, ಅವಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕಾವಲು ಕೂರಿಸಿ, ವಿಡಿಯೋ ನೋಡುತ್ತಾ ಪಾಕಕ್ಕಿಟ್ಟೆ. ಪಾಕ ಎಳೆ ಬರುವ ಹೊತ್ತಿಗೆ, ಮೈಸೂರು ಪಾಕಿನಲ್ಲಿ ತೂತು ಯಾಕೆ ಬೀಳುತ್ತದೆ ಎಂದು ಒಂದು ಸಂದೇಹ ಹುಟ್ಟಿತು. ಹುಡುಕಿ ಓದಿದೆ. ಬಹಳ ಸ್ವಾರಸ್ಯವಾದ ವಿಷಯ, ಇನ್ನೊಮ್ಮೆ ಹೇಳುತ್ತೇನೆ. ಓದಿ ತಲೆಯೆತ್ತಿದಾಗ ಬಾಣಲೆಯಲ್ಲಿದ್ದದ್ದು ಮೈಸೂರು ಪಾಕಲ್ಲ, ಫುಟ್‌ಪಾತಿನ ಕಲ್ಲು. ಚಾಕು ಬಾಗಿತು. ಕೊನೆಗೆ ಬಾಣಲೆ ಸಮೇತ ಎಸೆಯಬೇಕಾಯಿತು.

"ಇದನ್ನರ ಕೊಟ್ ಬಾ," ಎಂದಳು ಶೈಲಾ. "ಕೂಸಿನ ತೊಟ್ಟಿಲಕ್ಕ ಪಾಯಾ ಹಾಕಾಕ ಬರ್ತದ."

ಆ ಬಾಣಲೆಯ ಜೊತೆ ನನ್ನ ಹುರುಪೂ ಹೋಯಿತು. ಡಬ್ಬಿಯನ್ನು ಹಾಸಿಗೆಯ ಪಕ್ಕ ತಂದಿಟ್ಟುಕೊಂಡೆ, ಮಾತ್ರೆ ಮರೆಯದಿರಲಿ ಎಂದು ಮಾತ್ರೆಯ ಹಾಳೆಗಳನ್ನು ಅದರಲ್ಲೇ ಹಾಕಿದೆ. ಜೊತೆಗೆ ಚಾರ್ಜರಿನ ವೈರು, ಸತ್ತ ಬ್ಯಾಟರಿ, ಕೂದಲ ಕ್ಲಿಪ್ಪು. ಪುಟ್ಟಲಿಂಗಮ್ಮನವರ ಬುತ್ತಿ ಡಬ್ಬಿಯಿಂದ ದಿನಾ ಬೆಳಿಗ್ಗೆ ಗಮನದ ಮಾತ್ರೆ ತೆಗೆದು ನುಂಗುತ್ತಿದ್ದೆ. ಡಬ್ಬಿಯ ಮೇಲೆ ಮಾತ್ರ ಗಮನ ಬರಲಿಲ್ಲ.

ಮತ್ತೆ ಅವರೆಕಾಯಿ ಕಾಲ ಬಂತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಬಾಲ್ಕನಿಗೆ ಬಂದೆ. ಗೇಟಿನ ಹೊರಗೆ ಆಟೋ ನಿಂತಿದೆ. ಆಂಟಿ ಬೀಗ ಹಾಕುತ್ತಿದ್ದಾರೆ. ನನ್ನನ್ನು ನೋಡಿ, "ಮೊನ್ನೆ ರಾತ್ರಿ ಹೆಣ್ಮಗು ಆಯ್ತು ಮಗಾ, ಇಬ್ರೂ ಚೆನ್ನಾಗವ್ರೆ" ಎಂದು ಕೂಗಿದರು. ನಾನು ಬಾಯಿ ತುಂಬ ನೊರೆಯಿಟ್ಟುಕೊಂಡು ಕೈಬೀಸಿದೆ. ಆಗ ಅವರ ಪಕ್ಕ ಜಗುಲಿಯ ಮೇಲಿದ್ದ ಕ್ಯಾರಿಯರ್ ಕಾಣಿಸಿತು.

ಮೇಲೊಂದು ಡಬ್ಬಿ, ಕೆಳಗೊಂದು ಡಬ್ಬಿ. ನಡುವೆ ಖಾಲಿ ಜಾಗ ಅಲ್ಲಾಡದಿರಲೆಂದು ಟವೆಲ್ ಮಡಿಸಿ ತುರುಕಿದ್ದಾರೆ. ಸಾರನ್ನು ಬೇರೆಯಾಗಿ ಒಂದು ಫ್ಲಾಸ್ಕಿನಲ್ಲಿ ಹಾಕಿಕೊಂಡಿದ್ದಾರೆ.

ಆ ಟವೆಲ್ ಗುಲಾಬಿ ಬಣ್ಣದ್ದು. ಇವತ್ತಿಗೂ ನನ್ನ ಕಣ್ಣ ಮುಂದಿದೆ.

ನನ್ನ ಬಾಳಿನಲ್ಲಿ ನಾನು ಅಷ್ಟು ಬೇಗ ಯಾವ ಕೆಲಸವನ್ನೂ ಶುರು ಮಾಡಿಲ್ಲ. ನೊರೆ ಉಗಿದು, "ಆಂಟಿ, ಒಂದ್ನಿಮಿಷ!" ಎಂದು ಕೂಗಿ, ಒಳಗೋಡಿ ಡಬ್ಬಿಯನ್ನು ಹಾಸಿಗೆಯ ಮೇಲೆ ಬೋರಲು ಹಾಕಿದೆ. ಮಾತ್ರೆ, ವೈರು, ಕ್ಲಿಪ್ಪು ಎಲ್ಲ ಚೆಲ್ಲಾಪಿಲ್ಲಿ. ಸಾಬೂನು ಹಚ್ಚಿ ತಿಕ್ಕಿ, ಕೆಟಲಿನಲ್ಲಿದ್ದ ಬಿಸಿನೀರು ಸುರಿದು ತೊಳೆದು ಒರೆಸಿದೆ. ಒಂದು ಚಮಚ ಸಕ್ಕರೆ ಹಾಕೋಣವೆಂದು ಸಕ್ಕರೆ ಡಬ್ಬಿ ತೆಗೆದರೆ ಅದು ಖಾಲಿ. ಹೋದ ತಿಂಗಳಿಂದ ಸಕ್ಕರೆ ತರಬೇಕೆಂದು ಫ್ರಿಜ್ಜಿನ ಮೇಲೆ ಚೀಟಿ ಇತ್ತು. ನಿಂತು ಅಳುವುದಕ್ಕೂ ಪುರುಸೊತ್ತಿಲ್ಲ. ಬರಿಗಾಲಲ್ಲಿ, ಬರೀ ಡಬ್ಬಿ ಹಿಡಿದು, ಹದಿನೆಂಟು ಮೆಟ್ಟಿಲು ಇಳಿದೆ. ಎಷ್ಟು ಹೊತ್ತಾಯಿತು ಎನ್ನುತ್ತೀರಿ? ಇಳಿಯುವುದಕ್ಕೆ ಹತ್ತು ಸೆಕೆಂಡು.

"ಆಂಟಿ..." ಎಂದೆ. ಕೆನ್ನೆಯ ಮೇಲೆ ಪೇಸ್ಟು ಇನ್ನೂ ಇತ್ತು. "ಸಾರಿ ಆಂಟಿ. ಬರೀದೇ ಇದೆ. ಏನೂ ಹಾಕಿಲ್ಲ."

ಆಂಟಿ ಡಬ್ಬಿ ತೆಗೆದುಕೊಂಡು ಅದರ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ನನ್ನನ್ನು ನೋಡಿದರು.

"ಬರೀದ್ ಕೊಡ್ಬಾರ್ದು ಅಂತ ಇಷ್ಟ್ ದಿನ ಇಟ್ಕೊಂಡಿದ್ಯಾ?"

"ಹೂಂ."

"ವರ್ಷ!"

"ಮೈಸೂರ್ ಪಾಕ್ ಮಾಡ್ಬೇಕು ಅಂತಿದ್ದೆ."

"ಒಂದ್ ಚಮ್ಚ ಸಕ್ರೆ ಹಾಕಿದ್ರೆ ಆಗೋಗದಲ್ಲವ್ವಾ! ಅದೂ ಇಲ್ವಾ, ಒಂದ್ ಕಲ್ಲುಪ್ಪು ಹಾಕು. ನಾನೇನ್ ತೂಕ ಹಾಕ್ತಿದ್ನಾ?" ಮಾತಾಡುತ್ತಲೇ ಅವರು ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡು, ಫ್ಲಾಸ್ಕಿನ ಸಾರನ್ನು ಡಬ್ಬಿಗೆ ಬಗ್ಗಿಸಿದರು. "ನಾನು ಕೇಳ್ಬಾರ್ದು, ನೀನು ಕೊಡ್ಬಾರ್ದು. ಚೆನ್ನಾಗೈತೆ ನಮ್ಮಿಬ್ರ್ ಶಾಸ್ತ್ರ. ನೆನ್ನೆ ಸವಿತಾ ಕೇಳಿದ್ಳು, ಅಜ್ಜಿ ಕ್ಯಾರಿಯರ್ ಹೊಟ್ಟೆಗೇನಾಯ್ತಮ್ಮ ಅಂತ. ಏನ್ ಹೇಳ್ಲಿ ನಾನು?"

ಆಟೋದಿಂದ ಡ್ರೈವರ್ ಕತ್ತು ಹೊರಹಾಕಿದ. "ಅಮ್ಮಾ, ಬಾಣಂತಿ ಊಟ ಅಂದ್ರಿ. ಹಿಂಗೇ ನಿಂತ್ರೆ ನಾಮಕರಣದ್ ಊಟ ಆಗೋಗ್ತದೆ."

ಆಂಟಿ ಮೂರು ಡಬ್ಬಿ ಜೋಡಿಸಿ ಕಂಬಿ ಎಳೆದು ಒತ್ತಿದರು. ಟಕ್. ಎಷ್ಟು ಅಚ್ಚುಕಟ್ಟಾದ ಸದ್ದು! ವರ್ಷದಿಂದ ನನ್ನ ಎದೆಯಲ್ಲಿ ಗಡಗಡ ಅಲ್ಲಾಡುತ್ತಿದ್ದದ್ದೇನೋ ಅದರ ಜೊತೆ ಕೂತಿತು. ಆದರೆ ಆಂಟಿ ನಗಲಿಲ್ಲ. ಆಟೋ ಹತ್ತಿ ಹೊರಟೇಹೋದರು. ತಡವಾಗಿ ಮಾಡಿದ ಕೆಲಸ ಮುಗಿಯುತ್ತದೆ, ತಡ ಮಾತ್ರ ಹಾಗೇ ಉಳಿಯುತ್ತದೆ. ಮೊದಲ ದಿನದ ಊಟ ಗುಲಾಬಿ ಟವೆಲ್ಲಿನ ಜೊತೆಗೇ ಹೋಯಿತಲ್ಲ, ಅದನ್ನು ಯಾವ ಮಾತ್ರೆಯೂ ವಾಪಸು ತರುವುದಿಲ್ಲ.

ಶಿಕ್ಷೆ ಬಂದದ್ದು ಒಂದು ವಾರದ ಮೇಲೆ. ತಾಯಿ ಮಗು ಮನೆಗೆ ಬಂದಿದ್ದರು. ಆಂಟಿ ಮೇಲೆ ಬಂದು ಅವರೆಬೇಳೆ ಸಾರು ಕೊಟ್ಟರು, ಅದೇ ಪರಿಮಳ, ಅದೇ ಬಿಸಿ. ಆದರೆ ಬಂದದ್ದು ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ.

"ಇದನ್ನ ವಾಪಸ್ ಕೊಡದೇನ್ ಬೇಡ ಮಗಾ," ಎಂದರು. "ಬಿಸಾಕ್ಬಿಡು."

ದೇವರೇ! ಹನುಮಂತನಗರದ ವಠಾರದಲ್ಲಿ ಬೆಳೆದವರಿಗೆ ಗೊತ್ತು ಇದರ ಅರ್ಥ. ಪ್ಲಾಸ್ಟಿಕ್ ಡಬ್ಬಿ ಎಂದರೆ ನೆಂಟಸ್ತಿಕೆಯ ಪಟ್ಟಿಯಿಂದ ಹೆಸರು ತೆಗೆದ ಹಾಗೆ. ಗುರುತಿಲ್ಲದವರಿಗೆ, ಭರವಸೆಯಿಲ್ಲದವರಿಗೆ, ನಾಳೆ ಮನೆ ಖಾಲಿ ಮಾಡಿಕೊಂಡು ಹೋಗುವವರಿಗೆ ಪ್ಲಾಸ್ಟಿಕ್. ಸಂಜೆ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅವಳು "ಸರಿಯಾಗ್ ಮಾಡಿದಾರೆ" ಎಂದಳು. ಹೆತ್ತವಳು!

ಆ ಸಾರನ್ನು ನಾನು ನಿಂತುಕೊಂಡೇ ತಿಂದೆ. ಯಾಕೆಂದರೆ ಕೂತರೆ ಫೋನು, ಫೋನಿದ್ದರೆ ವಿಡಿಯೋ. ನಿಂತೇ ಡಬ್ಬಿ ತೊಳೆದೆ. ಸಕ್ಕರೆ ಅಷ್ಟರಲ್ಲಿ ತಂದಿದ್ದೆ. ಸತ್ಯ ಹೇಳಬೇಕೆಂದರೆ ಶೈಲಾ ತಂದುಕೊಟ್ಟಿದ್ದಳು. ಒಂದು ಚಮಚ ಹಾಕಿದೆ. ಏಲಕ್ಕಿ ಪುಡಿ ಮಾಡಿ ಬೆರೆಸಿದರೆ ಇನ್ನೂ ಚೆನ್ನಾಗಿರುತ್ತದಲ್ಲ ಎಂದು ತಲೆಯೊಳಗೆ ಯಾರೋ ಎದ್ದು ಕೂತರು. ಅವರನ್ನು ನಾನು ಚೆನ್ನಾಗಿ ಬಲ್ಲೆ. ಫುಟ್‌ಪಾತ್ ಕಲ್ಲಿನಂಥ ಮೈಸೂರು ಪಾಕು ಮಾಡಿಸಿದವರು ಅವರೇ. "ಬಾಯ್ ಮುಚ್ಕೊಂಡಿರಿ" ಎಂದು ಗಟ್ಟಿಯಾಗಿಯೇ ಹೇಳಿ ಮೆಟ್ಟಿಲಿಳಿದೆ.

ಬಾಗಿಲು ತೆಗೆದ ಆಂಟಿ ಐಸ್‌ಕ್ರೀಮ್ ಡಬ್ಬಿ ನೋಡಿ, "ಇದನ್ಯಾಕ್ ತಂದೆ? ಬಿಸಾಕು ಅಂದ್ನಲ್ಲ" ಎಂದರು. ಮುಚ್ಚಳ ತೆಗೆದರು. ತಳದಲ್ಲಿ ಒಂದು ಚಮಚ ಸಕ್ಕರೆ, ಅಷ್ಟೇ. ಎರಡು ಹರಳು ಬಾಯಿಗೆ ಹಾಕಿಕೊಂಡರು. ಒಳಗಿನಿಂದ ಸವಿತಾ, "ಯಾರಮ್ಮಾ?" ಎಂದಳು.

"ಮೇಲ್ಗಡೆ ಮನೆ ಮೈಸೂರ್ ಪಾಕು," ಎಂದರು ಆಂಟಿ.

ಒಳಗೆ ಸವಿತಾ ನಕ್ಕ ಸದ್ದಿಗೆ ಮಗು ಎದ್ದು ಅಳತೊಡಗಿತು. ಈ ಸಲ ಆಂಟಿಯೂ ನಕ್ಕರು.

ನಾನು ಗೆದ್ದೆ ಎಂದು ಹೇಳಲು ಈ ಪುರಾಣ ಶುರು ಮಾಡಲಿಲ್ಲ. ಐದು ಸೂತ್ರಗಳ ವಿಡಿಯೋ ಅಳಿಸಿದ್ದೇನೆ. ಅಂದರೆ, ಅಳಿಸಬೇಕೆಂದು ಬರೆದಿಟ್ಟುಕೊಂಡಿದ್ದೇನೆ. ನನಗೆ ದಕ್ಕಿದ್ದು ಒಂದೇ: ಕೆಲಸ ದೊಡ್ಡದಾಗಿ ಕಂಡಾಗ ಅದರಲ್ಲಿ ಚಮಚ ಎಲ್ಲಿದೆ ಎಂದು ಹುಡುಕುವುದು. ಅಮ್ಮ ಅದನ್ನು ಇಪ್ಪತ್ತು ವರ್ಷದ ಹಿಂದೆಯೇ ನನ್ನ ಕೈಗೆ ಕೊಟ್ಟಿದ್ದಳು, ನಾನು ಇರುವೆ ಸಾಲಿನ ಪಕ್ಕ ಕೂತು ತಿಂದು ಮುಗಿಸಿದ್ದೆ. ಎಲ್ಲ ಸಲ ಸಿಗುತ್ತದೆ ಎಂದೇನಿಲ್ಲ. ಆ ಕೊಳಲು ಇನ್ನೂ ಹಾಗೇ ಇದೆ.

ಇನ್ನೊಂದು ಮಾತು ಹೇಳಿ ಬಿಡುತ್ತೇನೆ. ಮೊನ್ನೆ ಗುರುವಾರ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಹೊಸಿಲ ಮೇಲೆ ಮೆಂತ್ಯ ಲಡ್ಡು ತುಂಬಿದ ಡಬ್ಬಿ, ಬಾಣಂತಿಗೆ ಮಾಡಿದ್ದರಲ್ಲಿ ನನಗೂ ನಾಲ್ಕು. ಸ್ಟೀಲಿನದು. ಎರಡು ಕಿವಿ, ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿ ಹೆಸರು. ಆಂಟಿ ಅರ್ಧ ಮೆಟ್ಟಿಲು ಇಳಿದಾಗಿತ್ತು. ತಿರುಗಿ ನೋಡದೆಯೇ ಹೇಳಿದರು: "ಅವಸರ ಐತೆ ಮಗಾ!"

ಇವತ್ತು ಶನಿವಾರ. ಲಡ್ಡು ಮುಗಿದಿದೆ. ತೊಳೆದ ಡಬ್ಬಿ ನನ್ನ ಮುಂದೆಯೇ ಇದೆ, ಒಳಗೆ ಒಂದು ಚಮಚ ಸಕ್ಕರೆಯೂ ಇದೆ. ಕೊಟ್ಟು ಬರೋಣ ಎಂದು ಎದ್ದವಳು, ಇದನ್ನು ನಿಮಗೆ ಹೇಳಿಯೇ ಹೋಗೋಣ ಎಂದು ಕೂತೆ. ಕೂತು ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡಲು ಧೈರ್ಯವಿಲ್ಲ.

ಈಗ ಏಳುತ್ತೇನೆ. ನಾನು ಕೆಳಗೆ ಹೋಗಿ ಬರುವಷ್ಟರಲ್ಲಿ ನೀವೊಂದು ಕೆಲಸ ಮಾಡಿ. ನಿಮ್ಮ ಫ್ರಿಜ್ಜಿನ ಮೇಲೆ, ಅಟ್ಟದ ಮೇಲೆ, ಮಂಚದ ಕೆಳಗೆ ಒಮ್ಮೆ ಕಣ್ಣಾಡಿಸಿ. ಯಾರ ಡಬ್ಬಿ ಇದೆ? ಎಷ್ಟು ದಿನವಾಯಿತು? ಏನು ತುಂಬಿ ಕೊಡಬೇಕೆಂದು ಕಾಯುತ್ತಿದ್ದೀರಿ? ನಾಚಿಕೊಳ್ಳದೆ ನನಗೆ ಬರೆದು ತಿಳಿಸಿ, ಅಳಿಸುವುದಿಲ್ಲ. ಮೇಲೆ ಬಂದ ತಕ್ಷಣ ಓದುತ್ತೇನೆ, ನಿಂತುಕೊಂಡೇ.